ಖಾಜಾನ ಮಡುವಿಗೆ ಹಾಕಿದ ಹಿಂಡಿ

ಖಾಜಾನ ಮೀನುಗಳ ಹೊಟ್ಟೆ ತುಂಬಿಸಿದವನು ನಾನು. ಒಂದು ಚಳಿಗಾಲ ಪೂರ್ತಿ, ಶನಿವಾರ ಸಂಜೆ ಅಂಗಡಿ ಮುಚ್ಚಿ, ಸೇಂಗಾ ಹಿಂಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಉಂಡೆ ಕಟ್ಟಿ, ಕಾಗಿಣಾ ನದಿಯ ಮಡುವಿಗೆ ಸುರಿದು ಬರುತ್ತಿದ್ದೆ. ಭಾನುವಾರ ಬೆಳಿಗ್ಗೆ ಅವನು ಅದೇ ಮಡುವಿನಲ್ಲಿ ಗಾಳ ಬೀಸುವಾಗ, ಪಕ್ಕದ ಬಂಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಏನೂ ಗೊತ್ತಿಲ್ಲದವನ ಹಾಗೆ.

ಖಾಜಾ ಶಹಾಬಾದಿನಲ್ಲಿ ದರ್ಜಿ. ಎದುರಿಗೇ ನೆಲಕ್ಕೆ ಹಾಸುವ ಫರಸಿ ಕಲ್ಲಿನ ನನ್ನ ಅಂಗಡಿ. ಪಕ್ಕದ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿದ್ದ ಹೊರಗಿನ ಎಂಜಿನಿಯರ್ ಒಬ್ಬರು ಪ್ಯಾಂಟು ಹೊಲಿಸಲು ಬಂದು ಇವನ ಸ್ನೇಹ ಮಾಡಿ, ಫ್ಲೈ ಫಿಶಿಂಗ್ ಕಲಿಸಿ, ವರ್ಗವಾಗಿ ಹೋಗುವಾಗ ತಮ್ಮ ಗಾಳದ ಕೋಲನ್ನು ಇವನಿಗೇ ಕೊಟ್ಟು ಹೋದರು. ಅದರಲ್ಲಿ ಎರೆಹುಳವಿಲ್ಲ, ಹಿಟ್ಟಿಲ್ಲ. ಹುಂಜದ ಗರಿಯನ್ನು ದಾರದಿಂದ ಕೊಕ್ಕೆಗೆ ಸುತ್ತಿ ನೊಣ ಮಾಡಬೇಕು. ಅದನ್ನು ನಿಜವಾದ ನೊಣ ಬಂದು ಕೂತ ಹಾಗೆ ನೀರಿನ ಮೇಲೆ ಇಳಿಸಬೇಕು. ಒಳ್ಳೆಯ ಜವಾರಿ ಹುಂಜದ ಗರಿಗಾಗಿ ಕುಂಚಾವರಂ ತನಕ ಹೋಗಿ ಬರುತ್ತಿದ್ದ ಹುಚ್ಚ ಅವನು. ಅಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಒಂದು ಗಳಿಗೆ ಕೈಯಲ್ಲಿ ನೋಡಿ ಮತ್ತೆ ನೀರಿಗೆ ಬಿಡುತ್ತಿದ್ದ!

ನಾನು ಕಲ್ಲು ಹೊತ್ತು ಮೇಲೆ ಬಂದವನು. ಚಿತ್ತಾಪುರದಿಂದ ಸೇಡಂ ತನಕ ನನ್ನ ಜೊತೆ ಚೌಕಾಸಿ ಮಾಡಿ ಗೆದ್ದವರು ಕಡಿಮೆ. ಆದರೆ ನದಿಯ ದಂಡೆಯಲ್ಲಿ ಜನ ನಿಂತು ನೋಡುತ್ತಿದ್ದದ್ದು ಖಾಜಾನನ್ನು. ಆ ದಾರ ಅವನ ತಲೆಯ ಮೇಲೆ ಹಿಂದಕ್ಕೆ ಚಾಚಿ, ಒಂದು ಕ್ಷಣ ಗಾಳಿಯಲ್ಲೇ ನಿಂತು, ಮುಂದಕ್ಕೆ ಬರುತ್ತಿತ್ತಲ್ಲ — ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ. ಹೈದರಾಬಾದಿನಿಂದ ಅವನದಕ್ಕಿಂತ ಭಾರಿ ಕೋಲು ತರಿಸಿದೆ. ಮೊದಲ ಬೀಸಿಗೇ ದಾರ ನನ್ನ ಕಿವಿಗೆ ಸುತ್ತಿಕೊಂಡಿತು. ಲಾರಿ ತೊಳೆಯುತ್ತಿದ್ದವನೊಬ್ಬ ಕೂಗಿದ: "ಸಾವ್ಕಾರ್ರೇ, ಮೀನ ಹಿಡಿಲಿಕತ್ತೀರೋ, ನೊಣ ಹೊಡಿಲಿಕತ್ತೀರೋ?"

ಖಾಜಾ ನಗಲಿಲ್ಲ. ಹಿಂದೆ ಬಂದು ನನ್ನ ಮಣಿಕಟ್ಟು ಹಿಡಿದ. "ದಾರ ಹಿಂದ ಪೂರಾ ಹೋಗೋ ತನಕ ತಡಿಬೇಕು, ಶರಣು. ನಿನಗ ತಡಿಯೋದೇ ಬರಂಗಿಲ್ಲ. ಗಿರಾಕಿ ಬಾಯಿ ತೆರಿಯೋದ್ರಾಗ ರೇಟ್ ಹೇಳಾಂವ ನೀ."

ಅವನು ನಕ್ಕಿದ್ದರೆ ಬಹುಶಃ — ಇಲ್ಲ, ಆ ಮಾತು ಬೇಡ.

ಮೀನುಗಾರರ ಬಾಯಲ್ಲಿ ಕೇಳಿದ ಮಾತೊಂದಿದೆ: ರಾತ್ರಿಯೆಲ್ಲ ತಳದಲ್ಲಿ ಹಿಂಡಿ ತಿಂದ ಮೀನು ಬೆಳಿಗ್ಗೆ ನೊಣಕ್ಕೆ ಮೇಲೆ ಬರುವುದಿಲ್ಲ. ಎಷ್ಟೋ ಜನರಿಗೆ ಈ ಬುದ್ಧಿ ಹೇಳಿದ್ದೆ, ಖಾಜಾನಿಗೆ ಬಿಟ್ಟು. ಆ ಚಳಿಗಾಲ ಅವನು ಗರಿ ಬದಲಿಸಿದ, ದಾರದ ಬಣ್ಣ ಬದಲಿಸಿದ, ಸೊಂಟದ ತನಕ ನೀರಿಗಿಳಿದು ನೋಡಿದ. ಮೀನು ಏಳಲಿಲ್ಲ. ಒಂದು ಭಾನುವಾರ ಬಂಡೆಗೆ ಬಂದು ನನ್ನ ಪಕ್ಕ ಕೂತ. ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಏನಾಗ್ಯದ ಶರಣು? ನನ್ನ ಕೈ ಹೋತೇನು?"

"ವಯಸ್ಸು ಆಗ್ಯದ, ಖಾಜಾ," ಅಂದೆ. "ಸಣ್ಣಗ ನಡಗಲಿಕತ್ತದ, ನಿನಗ ಗೊತ್ತಾಗವಲ್ದು. ಬಿಟ್ಟಬಿಡು ಇನ್ನ."

ಅವನ ಕೈ ನಡುಗುತ್ತಿರಲಿಲ್ಲ.

ಆಮೇಲೆ ಅವನು ನದಿಗೆ ಬರಲಿಲ್ಲ. ನಾನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಚಹಾದ ಅಂಗಡಿಯಲ್ಲಿ, ಕಲ್ಲು ಪಾಲಿಶ್ ಮಾಡುವವರ ನಡುವೆ, ಮರುಕಪಡುವವನ ಹಾಗೆ ಹೇಳುತ್ತ ತಿರುಗಿದೆ — ಪಾಪ, ಖಾಜಾನ ಕೈ ಹೋಗ್ಯದ. ನನ್ನ ಮಾತು ಊರಲ್ಲಿ ನಡೆಯುತ್ತದೆ.

ಹಿಂಡಿ ಹಾಕುವುದನ್ನು ಬಿಟ್ಟ ಮೇಲೆ ಒಮ್ಮೆ ಮಡುವಿನ ಕಡೆ ಹೋದೆ. ನೀರಿನ ತುಂಬ ಮೀನು ಏಳುತ್ತಿದ್ದವು, ಬಳೆ ಬಳೆಯಾಗಿ ಅಲೆ. ಹೇಳಿಬಿಡಬೇಕು ಅಂದುಕೊಂಡು ನೇರ ಅವನ ಅಂಗಡಿಗೆ ಹೋದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ — ಒಂದೇ ಸಲಕ್ಕೆ ಪೋಣಿಸಿದ. "ಕುಂದ್ರು ಬಾ" ಅಂದ. ಕೂತೆ. ಬಿಸಿಲಿನ ಮಾತು, ಮಳೆಯ ಮಾತು ಆಡಿ ಎದ್ದು ಬಂದೆ.

ಹೋದ ವರ್ಷ ಎದೆನೋವು ಬಂದು ಖಾಜಾ ತೀರಿಕೊಂಡ. ಮಣ್ಣಿಗೆ ಒಯ್ಯುವಾಗ ಹೆಗಲು ಕೊಟ್ಟವರಲ್ಲಿ ನಾನೂ ಇದ್ದೆ. ಅಲ್ಲಿಂದ ಈಚೆಗೆ ಊಟ ಸೇರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಸೇರಿತು. ಆದರೆ ಕಳೆದ ವಾರ ಅವನ ಹೆಂಡತಿಯ ಮುಂದೆ ಹೋಗಿ ಕೂತು ಎಲ್ಲ ಹೇಳಿದೆ. ಭಾಬಿ ಅಳುತ್ತಾರೆ, ಬೈಯುತ್ತಾರೆ, ಕಾಲಿಗೆ ಬಿದ್ದರೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನಗ್ಯಾಕ ಹೇಳ್ತೀರಿ, ಅಣ್ಣಾ? ಅವರ ಕೈ ಹೋಗ್ಯದ ಅಂತ ಮದುವಿ ಬಟ್ಟಿ ಹೊಲಿಲಿಕ್ಕ ಕೊಡೋದು ಬಿಟ್ರು ಜನ. ಕಡೀಕ ಅವರೂ ನಂಬಿದ್ರು. ಒಳ್ಳೆ ಬಟ್ಟಿ ಬಂದ್ರ ಕತ್ತರಿ ಹಾಕ್ಲಿಕ್ಕ ಅಂಜತಿದ್ರು. ನೀವು ಸುಳ್ಳು ಹೇಳಿದ್ದು ಊರಿಗೆ — ಖರೇನೂ ಊರಿಗೇ ಹೇಳ್ರಿ."

ಅದಕ್ಕೇ ಇದನ್ನು ಬರೆದಿದ್ದೇನೆ. ಶಹಾಬಾದಿನವರೇ, ವಾಡಿಯವರೇ, ಅವನ ಹತ್ತಿರ ಬಟ್ಟೆ ಹೊಲಿಸಿ ಆಮೇಲೆ ಬಿಟ್ಟವರೇ — ಖಾಜಾನ ಕೈ ಕೊನೆಯ ದಿನದ ತನಕ ನೆಟ್ಟಗಿತ್ತು. ನಾನು ಸುಳ್ಳು ಹೇಳಿದೆ.