ಅಚ್ಚಿನಂಥ ಕೈಬರಹ

ಗೆಳೆಯರೇ, ನಮ್ಮ ಸೋದರಮಾವ ನನ್ನ ತಂಗಿಯ ಲಗ್ನಕ್ಕೆ ಬರುವುದಿಲ್ಲವಂತೆ. ಮಧ್ಯಾಹ್ನದ ಗಾಡಿಗೆ ಮಾವನ ಊರಾದ ಹೋಟಗಿಯಿಂದ ಬಂದ ಅಣ್ಣ ಸುದ್ದಿ ತಂದ. ಮಾವ ಕೈಹಿಡಿದು ತರದೆ ಹುಡುಗಿ ಮಂಟಪಕ್ಕೆ ಬರುವಂತಿಲ್ಲ.

ಸೊಲ್ಲಾಪುರದ ಬೋರ್ಡು ಬರೆಯುವ ಪೇಂಟರನ ಕುಂಚದ ಬರಹವನ್ನೇ ಅಚ್ಚಿನ ಬ್ಲಾಕು ಮಾಡಿಸಿ, ಲಗ್ನಪತ್ರಿಕೆ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದ್ದೆವು. ಮಾವನಿಗೆ ಅಚ್ಚಿನದು ಕೊಟ್ಟರೆ ಅವಮಾನವೆಂದು, ಅವರೊಬ್ಬರಿಗೆ ಅದೇ ಪೇಂಟರನಿಂದ ಕೈಯಾರೆ ಬರೆಸಿದ್ದೆವು. ಅವರು ಅದನ್ನು ನೆರೆಮನೆಯವರ ಪತ್ರಿಕೆಯ ಪಕ್ಕ ಇಟ್ಟು ನೋಡಿದರಂತೆ. ಎಳ್ಳಷ್ಟೂ ಫರಕಿಲ್ಲ.

“ನನಗೂ ಅಚ್ಚಿಂದ ಕಳಿಸ್ಯಾರ! ನಾ ಸೋದರಮಾವೊ, ಊರ ಮಂದಿಯೊ?”

ಪೇಂಟರನಿಗೆ ಹೇಳಿದೆವು. “ಇಪ್ಪತ್ತು ವರ್ಷ ಕೈ ಪಳಗಿಸಿದ್ದು ತಪ್ಪಾತೇನ್ರಿ?” ಎಂದ.

ನಾಳೆ ಮುಂಜಾನೆಯ ಗಾಡಿಗೆ ಅವನು ಹೋಟಗಿಗೆ ಹೋಗಿ, ಮಾವನ ಕಣ್ಣೆದುರೇ ಹೊಸ ಪತ್ರಿಕೆ ಬರೆಯುತ್ತಾನೆ. ಎರಡಕ್ಷರ ಸೊಟ್ಟ ಬರೆಯಬೇಕೆಂದು ತಾಕೀತಾಗಿದೆ.