ಹನ್ನೊಂದನೇ ನಾಗರಿಕ

ಮೂಲ ಗೊತ್ತಿಲ್ಲದ ಅಂಕಿ ಕಂಡರೆ ನಮ್ಮ ಮೇಷ್ಟ್ರು ಎರಡು ಬೆರಳಿನಿಂದ ಮೂಗು ಹಿಡಿದುಕೊಳ್ಳುತ್ತಿದ್ದರು. ನಾಟಕವಲ್ಲ, ನಿಜವಾಗಿಯೂ ನಾತ ಬಂದವರ ಹಾಗೆ. ಕನ್ನಡಕ ಮೇಲೇರುತ್ತಿತ್ತು, ಮೂಗಿನ ತುದಿ ಕೆಂಪಾಗುತ್ತಿತ್ತು. "ಖಾಲಿ ಡಬ್ಬಿ ನಾರಲ್ಲ ಕಣೋ. ಹಳಸಿದ್ದು ತುಂಬಿದ್ರೆ ನಾರುತ್ತೆ" ಎನ್ನುತ್ತಿದ್ದರು.

ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಮ್ಮ ಅಂಕಿಗಳ ತಪಾಸಣೆಗೆಂದು ಬಾಗಲಗುಂಟೆಯಿಂದ ಎರಡು ಬಸ್ಸು ಬದಲಿಸಿ ಆರ್.ಟಿ. ನಗರಕ್ಕೆ ಬರುತ್ತಿದ್ದರು. ಬೇಕರಿಯ ಮೇಲಿನ ಮಹಡಿ ನಮ್ಮ ಆಫೀಸು. ಯಾವ ದೇಶದ ಜನ ಆಡಳಿತದಲ್ಲಿ ಎಷ್ಟು ಭಾಗವಹಿಸುತ್ತಾರೆಂದು ಅಳೆಯುವುದು ಅಲ್ಲಿನ ಕೆಲಸ. ಮತದಾನಕ್ಕೆ ಇಷ್ಟು ತೂಕ, ಸಭೆಗೆ ಹೋಗುವುದಕ್ಕೆ ಇಷ್ಟು, ಅರ್ಜಿ ಕೊಡುವುದಕ್ಕೆ ಇಷ್ಟು. ಎಲ್ಲವನ್ನೂ ಕಲಸಿ ದೇಶಕ್ಕೊಂದು ಸೂಚ್ಯಂಕ. ಆಮೇಲೆ ದೇಶಗಳನ್ನು ಶಾಲಾ ಮಕ್ಕಳಂತೆ ಸಾಲಾಗಿ ನಿಲ್ಲಿಸುವುದು. ಬೆಂಚಿನ ಮೇಲೆ ನಿಂತೇ ಹತ್ತನೇ ತರಗತಿ ಮುಗಿಸಿದ ನಾನು ಅಲ್ಲಿ ಕೂತು ದೇಶಗಳಿಗೆ ಮಾರ್ಕ್ಸ್ ಹಾಕುತ್ತಿದ್ದೆ!

ಊಟದ ಹೊತ್ತಿಗೆ ನನ್ನ ಮಿಮಿಕ್ರಿ. ಮೇಷ್ಟ್ರ ಧ್ವನಿಯನ್ನೂ ಬಿಡುತ್ತಿರಲಿಲ್ಲ. ಮೊದಲು ಗಂಟಲು ಕೆರೆದು "ಹ್ಞಾಂ... ನೋಡಪ್ಪಾ" ಅಂದರೆ ಸಾಕು, ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ನಮ್ಮ ದೇಶದ 'ಸಭೆ' ಕಾಲಂ ತುಂಬಲು ಫೋನ್ ಸಮೀಕ್ಷೆ ನಡೆಯಿತು. ಬೆಂಗಳೂರಿನ ಕರೆಗಳು ನನ್ನ ಪಾಲಿಗೆ. "ನಮಸ್ಕಾರ" ಅನ್ನುವಷ್ಟರಲ್ಲಿ "ಲೋನ್ ಬೇಡ ಗುರು" ಎಂದು ಜನ ಫೋನ್ ಇಡುತ್ತಿದ್ದರು. ಕೊನೆಗೆ ಹನ್ನೊಂದು ಕರೆ ಬಾಕಿ ಉಳಿದವು. ನನ್ನದೇ ಇನ್ನೊಂದು ಮೊಬೈಲಿಗೆ ಕರೆ ಮಾಡಿ, ಪ್ರಶ್ನೆಯೂ ನಾನೇ, ಉತ್ತರವೂ ನಾನೇ ಆದೆ. ಹೆಸರಘಟ್ಟದ ಅಜ್ಜನಾಗಿ "ಓಗ್ತೀನಿ ಸ್ವಾಮಿ, ಇಂಗೆ ಮೈಕ್ ಇಡ್ಕೊಂಡು ಮಾತಾಡ್ತೀನಿ" ಅಂದೆ. ಹತ್ತು ಮುಗಿದಾಗ ನನ್ನ ಧ್ವನಿಗಳ ದಾಸ್ತಾನೂ ಮುಗಿದಿತ್ತು. ಹನ್ನೊಂದನೆಯದಕ್ಕೆ ಮೇಷ್ಟ್ರನ್ನೇ ಎತ್ತಿಕೊಂಡೆ.

ಕರೆಗಳ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಪೂರ್ತಿ ಕೇಳುವ ಮನುಷ್ಯ ಅವರು, ಅದು ನನಗೆ ಗೊತ್ತಿತ್ತು. ಕೇಳಿ ನಗುತ್ತಾರೆ ಅಂದುಕೊಂಡಿದ್ದೆ. ಹೆಡ್‌ಫೋನ್ ತೆಗೆದಿಟ್ಟು ಮೂಗು ಹಿಡಿದುಕೊಂಡರು.

"ಮಿಮಿಕ್ರಿ ಚೆನ್ನಾಗಿದೆ. ಆದ್ರೆ ವಾರ್ಡ್ ಸಭೆಗೆ ಪ್ರತಿ ತಿಂಗಳೂ ಹೋಗ್ತೀನಿ ಅಂತ ನನ್ನ ಬಾಯಲ್ಲಿ ಹೇಳ್ಸಿದ್ಯಲ್ಲ, ನಾನು ಒಂದ್ಸಲಾನೂ ಹೋಗಿಲ್ಲ ಕಣೋ."

ಅಂದೇ ಸಂಜೆ ನಿರ್ದೇಶಕರ ಕೋಣೆಯಲ್ಲಿ ನನ್ನೆದುರೇ ಮೇಷ್ಟ್ರು ಹೇಳಿದರು: "ಹನ್ನೊಂದು ಕರೆ ಸುಳ್ಳು. ಮಿಕ್ಕಿದ್ದನ್ನ ನಂಬೋದು ಹೇಗೆ? ಈ ಕಾಲಂ ಖಾಲಿ ಬಿಡಿ."

"ಏನ್ ಸಾರ್ ನೀವು! ಶುಕ್ರವಾರ ಬಿಡುಗಡೆ. ಎಲ್ಲ ದೇಶಕ್ಕೂ ಅಂಕ ಇದ್ದು ನಮ್ಮ ದೇಶಕ್ಕೆ ಮಾತ್ರ ಗೆರೆ ಎಳೀಬೇಕಾ? ಅಕ್ಕಪಕ್ಕದ ದೇಶಗಳ ಸರಾಸರಿ ಹಾಕಿದ್ರಾಯ್ತು. ಅದಿರ್ಲಿ, ಸುಳ್ಳು ಮಾಡಿದ್ದು ಯಾರು?"

ಮೇಷ್ಟ್ರು ನನ್ನ ಕಡೆ ನೋಡಿದರು. ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು.  ನಾನು ಮೇಜಿನ ಮೇಲಿನ ತಟ್ಟೆಯಲ್ಲಿದ್ದ ಸಮೋಸ ನೋಡುತ್ತಾ ನಿಂತೆ.

"ತಪಾಸಣೆ ನಂದು. ನಾನೇ ಅಂತ ಬರ್ಕೊಳ್ಳಿ. ನನ್ನ ಹೆಸರು ವರದಿಯಿಂದ ತೆಗೀರಿ" ಎಂದು ಮೇಷ್ಟ್ರು ಟಿಫನ್ ಡಬ್ಬಿ ಎತ್ತಿಕೊಂಡು ಇಳಿದು ಹೋದರು.

ಶುಕ್ರವಾರ ವರದಿ ಬಂತು. ಪಕ್ಕದವರ ಸರಾಸರಿ ಮೆತ್ತಿಕೊಂಡು ನಮ್ಮ ದೇಶ ಮೂರು ಸ್ಥಾನ ಮೇಲೇರಿತು. ಕೆಳಗಿನ ಬೇಕರಿಯಿಂದ ಕೇಕ್ ತರಿಸಿ ಕತ್ತರಿಸಿದರು. ಥೂ! ನಾನೂ ತಿಂದೆ. ಕೆನೆಯ ಜಿಡ್ಡು ಇನ್ನೂ ನಾಲಿಗೆಗೆ ಅಂಟಿಕೊಂಡೇ ಇದೆ. ಹೋಗಿ ಮೇಷ್ಟ್ರನ್ನು ನೋಡಬೇಕು, ನಾಳೆ ಹೋಗೋಣ ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ.

ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಹೋದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು. "ಅವ್ರ ಥರಾನೇ ಮಾತಾಡೋ ಹುಡುಗ ನೀನೇ ಅಲ್ವಾ? ಯಾವಾಗ್ಲೂ ಹೇಳೋರು. ಒಂದ್ಸಲ ಮಾಡಪ್ಪಾ, ಕೇಳ್ತೀನಿ."

ಗಂಟಲು ಕೆರೆದೆ. "ಹ್ಞಾಂ..." ಅಷ್ಟೇ ಬಂತು.

"ಅಮ್ಮಾ, ಆ ಹನ್ನೊಂದು ಕರೆ ಮಾಡಿದ್ದು ನಾನು."

"ಗೊತ್ತು, ಕೂತ್ಕೋ" ಎಂದರು ಅವರು. "ಈ ಭಾನುವಾರ ಬಂದು ಹೇಳ್ತಾನೆ ನೋಡು ಅಂತ ಪ್ರತಿ ವಾರಾನೂ ನಿನ್ನ ಕಾಫಿಗೆ ಒಂದು ಲೋಟ ಹಾಲು ಜಾಸ್ತಿ ತರ್ಸೋರು."