ಸುಮ್ಮನೆ ನಿಲ್ಲುವ ಹಾಗಿಲ್ಲ

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಬೀಡಿ ಸೇದುತ್ತ ನಿಂತ ಹಮಾಲನನ್ನು ಯಾರೂ ಏನೂ ಕೇಳುವುದಿಲ್ಲ. ಸುಮ್ಮನೆ ನಿಂತವನನ್ನು ಮಾತ್ರ ಕೇಳಿಯೇ ಕೇಳುತ್ತಾರೆ. ಯಾವ ಪುಣ್ಯಾತ್ಮ ಮಾಡಿದ ಕಾನೂನೋ, ಶಿದ್ರಾಮನ ಕಾಲು ತಿಂದದ್ದು ಅದೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಶಿದ್ರಾಮ ಅಥಣಿ ಕಡೆಯವನು, ಕುಪವಾಡದಲ್ಲಿ ಮನೆ. ಎಪ್ಪತ್ತೆಂಟನೇ ಇಸವಿಯಲ್ಲಿ ಹಮಾಲರ ಸಹಕಾರಿ ಸಂಘದ ಹನ್ನೆರಡು ಜನರ ಟೋಳಿಯಲ್ಲಿದ್ದ. ನಾನು ಆ ಸಂಘದ ಲೆಕ್ಕ ಬರೆಯುವ ಕಾರಕೂನ. ಟೋಳಿಯಲ್ಲಿ ಕೂಲಿ ಸಮಪಾಲು, ಹಾಗಾಗಿ ಎಲ್ಲರ ಮೈಯೂ ಸಮ ಇರಬೇಕು. ಹಿಂದಿನ ವರ್ಷ ಲಗಮಣ್ಣ ಮೊಣಕಾಲು ನೋವೆಂದು ಬಾಯಿಬಿಟ್ಟ. ಶಾಲು ಹೊದಿಸಿ, ಹಾರ ಹಾಕಿ, ಅದೇ ಮಧ್ಯಾಹ್ನ ಅವನ ಹೆಸರು ಹೊಡೆದುಹಾಕಿದರು. ಹಾರ ತಂದವನು ನಾನೇ.

ಅದನ್ನು ನೋಡಿದ್ದ ಶಿದ್ರಾಮ ತನ್ನ ನೋವನ್ನು ಬಚ್ಚಿಟ್ಟ. ಚೀಲ ಹೊತ್ತು ಗೋದಾಮಿನಿಂದ ಲಾರಿಗೆ ಮೂರು ಸುತ್ತು ಹೋದರೆ ಸಾಕು, ಎಡಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದರು. ಎರಡು ನಿಮಿಷ ನಿಂತರೆ ನೋವು ಮಾಯ. ನಿಲ್ಲಲು ನೆವ ಬೇಕಲ್ಲ, ಬೀಡಿ ಹಚ್ಚುತ್ತಿದ್ದ. ದಿನಕ್ಕೊಂದು ಕಟ್ಟು ಸೇದುವವನು ಮೂರು ಕಟ್ಟಿಗೆ ಬಂದ.

ಹೆಂಡತಿ ರುಕ್ಮವ್ವ ನನ್ನ ಬಳಿ ಬಂದು ಎಲ್ಲ ಹೇಳಿ ಅತ್ತಳು. ರಜೆಯ ದಿನ ಅವನನ್ನು ಮಿರಜದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಪಾದದಲ್ಲಿ ನಾಡಿ ಹುಡುಕಿದರು, ಸಿಗಲಿಲ್ಲ.

"ಬೀಡಿ ಸೇದಿ ಸೇದಿ ರಕ್ತದ ನಳ ಸಣ್ಣ ಆಗ್ಯಾವ," ಎಂದರು. "ದುಡಿಯೂ ಮಾಂಸಕ್ಕ ರಕ್ತ ಸಾಲದಾಗ ಅದರೊಳಗ ಆಮ್ಲ ಕೂಡತೈತಿ. ಅಲ್ಲಿರೂ ನರದ ತುದಿಗೋಳಿಗೆ ಅದು ಗೊತ್ತಾಗಿ, ನಿಲ್ಲು ಅಂತ ತಲಿಗೆ ಸುದ್ದಿ ಕಳಸ್ತಾವ. ಅದೇ ನೋವು. ನಿಂತರ ರಕ್ತ ಬಂದು ಆಮ್ಲ ತೊಳಕೊಂಡ ಹೋಗ್ತೈತಿ."

"ಹಂಗಾರ ನರ ಖರೇನ ಹೇಳಾಕತ್ತೈತೇನ್ರಿ?" ಶಿದ್ರಾಮ ಕೇಳಿದ.

"ಖರೇನ ಹೇಳಾಕತ್ತೈತಿ. ನೋವು ಬಂದಾಗ ನಿಲ್ಲು, ಹೋದಮ್ಯಾಲ ನಡಿ. ಬೀಡಿ ಇವತ್ತ ಬಿಡು. ಇಲ್ಲಾಂದ್ರ ಕಾಲ ತಗೀಬೇಕಾಗ್ತೈತಿ."

ಬಸ್ಸಿನಲ್ಲಿ ಶಿದ್ರಾಮ ಮೆಲ್ಲಗೆ ಕೇಳಿದ: "ಬೀಡಿ ಬಿಟ್ಟರ ನಿಲ್ಲೂದ ಹೆಂಗ್ರಿ, ಕಾಕಾ?"

ವಿಶ್ರಾಮಬಾಗ ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತೆ.

ಉಪಾಯ ಅವನೇ ಹುಡುಕಿದ. ಹಚ್ಚದ ಬೀಡಿಯನ್ನು ತುಟಿಗಿಟ್ಟುಕೊಂಡು ಲಾರಿಯ ಪಕ್ಕ ನಿಲ್ಲತೊಡಗಿದ. ನಾಲ್ಕು ದಿನ ನಡೆಯಿತು. ನನಗಂತೂ ಹಬ್ಬವೇ ಆಗಿತ್ತು.

ಐದನೆಯ ದಿನ ಟೋಳಿಯ ಮುಖ್ಯಸ್ಥ, ಮುಕಾದಮ ಸತ್ಯಪ್ಪ ಅದನ್ನು ಕಂಡ. ಒಳ್ಳೆಯ ಮನುಷ್ಯ, ಅದೇ ತಾಪತ್ರಯ.

"ಕಡ್ಡಿ ಇಲ್ಲೇನೋ, ಶಿದ್ರಾಮ? ಕೇಳಾಕ ಏನ ನಾಚಿಕಿ?"

ಕಡ್ಡಿ ಗೀರಿ, ಗಾಳಿಗೆ ಎರಡೂ ಕೈ ಅಡ್ಡ ಹಿಡಿದು ಮುಂದೆ ಬಂದ. ಉಳಿದವರು ನೋಡುತ್ತಿದ್ದರು. ಶಿದ್ರಾಮ ತಕ್ಕಡಿಯ ಬಳಿ ನಿಂತಿದ್ದ ನನ್ನತ್ತ ನೋಡಿದ. ನಾನು ಬಾಯಿಬಿಟ್ಟರೆ ಅವನ ಕೆಲಸ ಹೋಗುತ್ತಿತ್ತು, ಸುಮ್ಮನಿದ್ದರೆ ಕಾಲು. ನಾನು ತಕ್ಕಡಿಯ ಕಡೆ ತಿರುಗಿದೆ.

ಶಿದ್ರಾಮ ಬಗ್ಗಿ ಬೀಡಿ ಹಚ್ಚಿಕೊಂಡು ಜೋರಾಗಿ ಒಂದು ದಮ್ಮು ಎಳೆದ. ಸತ್ಯಪ್ಪ ಅಕ್ಕರೆಯಿಂದ ಅವನ ಬೆನ್ನು ಚಪ್ಪರಿಸಿದ.

"ಸಾವಕಾಶ ಸೇದಪಾ, ಅವಸರಿಲ್ಲ."